ಮೋಟಾರ್‌ಹೋಮ್ ಬ್ಯಾಟರಿಗೆ ಎಷ್ಟು ವೋಲ್ಟ್ ಬೇಕು? ಚಾರ್ಜರ್ ಆರಿಸುವ ಮುಂಚೆ ಹೋಲಿಸಿ ನೋಡಬೇಕಾದ್ದು

ಫ್ರಿಜ್ಜಿನ ಬೋರ್ಡ್ ಹೋಯಿತು, ಗ್ಯಾಸ್ ಹೀಟರ್ ಹೊತ್ತಿಕೊಳ್ಳುತ್ತಿಲ್ಲ, ಎಲ್‌ಇಡಿ ದೀಪಗಳು ಒಂದರ ಹಿಂದೊಂದು ಆರಿಹೋಗುತ್ತಿವೆ. ಮೋಟಾರ್‌ಹೋಮ್ ಅಥವಾ ಕ್ಯಾರವಾನಿನಲ್ಲಿ ಇಂಥದ್ದಾದಾಗ ಮೊದಲು ಕೈ ಹೋಗುವುದು ಕೆಟ್ಟ ಸಾಮಾನಿನ ಕಡೆಗೆ. ಬೋರ್ಡ್ ಬದಲಾಯಿಸುತ್ತಾರೆ, ಕೆಲವು ತಿಂಗಳಲ್ಲಿ ಹೊಸದೂ ಕೈಕೊಡುತ್ತದೆ. ಬಹಳ ಸಲ ತಪ್ಪು ಬೋರ್ಡಿನದಲ್ಲ, ಅದಕ್ಕೆ ಬರುವ ಕರೆಂಟಿನದು. ಹೆಸರಿಗೆ 12 ವೋಲ್ಟ್ ಲೈನ್, ಆದರೆ ಅದೇ ಲೈನ್ ಒಂದೇ ದಿನದಲ್ಲಿ 11ರಿಂದ 14.8ರವರೆಗೆ ಏರಿಳಿಯುತ್ತದೆ. ಚಾರ್ಜರ್ ಸರಿಯಿಲ್ಲದಿದ್ದರೆ ಇದನ್ನೂ ಮೀರುತ್ತದೆ.

ಹಾಗಾಗಿ ಚಾರ್ಜರ್ ಆರಿಸುವುದೆಂದರೆ ಬ್ಯಾಟರಿಯೊಂದಕ್ಕೇ ವೋಲ್ಟೇಜ್ ಗೊತ್ತುಮಾಡಿದಂತಲ್ಲ. ಆ ಲೈನಿಗೆ ಜೋತುಬಿದ್ದಿರುವ ದೀಪ, ಪಂಪು, ಫ್ರಿಜ್ಜು, ಹೀಟರ್ ಎಲ್ಲಕ್ಕೂ ಗೊತ್ತುಮಾಡಿದಂತೆ. ಈ ಬರಹದಲ್ಲಿ ಮನೆ ಬ್ಯಾಟರಿ ಎಂದರೆ ವಾಸದ ಭಾಗಕ್ಕೆ ಕರೆಂಟ್ ಕೊಡುವ ಬ್ಯಾಟರಿ. ಎಂಜಿನ್ ಸ್ಟಾರ್ಟ್ ಮಾಡುವುದು ಬೇರೆ.

## ಖರೀದಿಗೆ ಮುಂಚೆ ಮೀಟರ್ ಹಿಡಿಯಿರಿ

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ನಾಲ್ಕು ಕಡೆ ನೋಡಬೇಕು.

ಮೊದಲನೆಯದು, ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ. ಚಾರ್ಜರ್, ಸೋಲಾರ್, ಲೋಡ್ ಎಲ್ಲ ಬಂದ್ ಮಾಡಿ ಕನಿಷ್ಠ ನಾಲ್ಕು ಗಂಟೆ ಬಿಡಿ. ಲೆಡ್ ಆಸಿಡ್ ಬ್ಯಾಟರಿ 12.6ರಿಂದ 12.7 ತೋರಿಸಿದರೆ ತುಂಬಿದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. 10.5ರ ಆಸುಪಾಸಿಗೆ ಬಂದು ನಿಂತಿದ್ದರೆ ಒಂದು ಸೆಲ್ ಹೋಗಿರುವ ಸಾಧ್ಯತೆ ಹೆಚ್ಚು. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು ಸಾಮರ್ಥ್ಯದ ಬಹುಭಾಗವನ್ನು 13.0ರಿಂದ 13.3ರೊಳಗೇ ಕಳೆದುಬಿಡುವುದರಿಂದ, ಅದರಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಒಳಗೆ ಹೋದ, ಹೊರಗೆ ಬಂದ ಆಂಪ್‌ಗಳನ್ನು ಎಣಿಸುವ ಶಂಟ್ ಮೀಟರೇ ಬೇಕು.

ಎರಡನೆಯದು, ಚಾರ್ಜ್ ಆಗುತ್ತಿರುವಾಗ. ಮೀಟರಿನ ಮೊನೆಯನ್ನು ಕೇಬಲ್ಲಿನ ತುದಿಯ ಲೋಹದ ಲಗ್ಗಿಗೆ ತಾಗಿಸಬೇಡಿ, ಬ್ಯಾಟರಿಯ ಟರ್ಮಿನಲ್ಲಿಗೇ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರಿನ ಔಟ್‌ಪುಟ್ಟಿನಲ್ಲಿ ನೋಡಿ. ಚಾರ್ಜರಿನಲ್ಲಿ 14.4, ಬ್ಯಾಟರಿಯಲ್ಲಿ 13.7 ಬಂದರೆ ನಡುವಿನ 0.7 ವೋಲ್ಟ್ ವೈರು, ಫ್ಯೂಸು, ತುಕ್ಕು ಹಿಡಿದ ಜೋಡಣೆಗಳಲ್ಲಿ ಬಿಸಿಯಾಗಿ ಹೋಗುತ್ತಿದೆ. ಆಗ ಹೊಸ ಚಾರ್ಜರ್ ತಂದರೂ ಕತೆ ಅದೇ.

ಮೂರನೆಯದು, ತೊಂದರೆ ಕೊಡುತ್ತಿರುವ ಸಾಮಾನು ಓಡುತ್ತಿರುವಾಗ ಅದರದೇ ಟರ್ಮಿನಲ್ಲಿನಲ್ಲಿ. ಜೊತೆಗೆ ಒಂದು ಮೊನೆ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಆ ಸಾಮಾನಿನ ನೆಗೆಟಿವ್‌ಗೆ. ಇಲ್ಲಿ ಒಂದೆರಡು ಹತ್ತಾಂಶಕ್ಕಿಂತ ಹೆಚ್ಚು ಕಂಡರೆ ನೆಗೆಟಿವ್ ದಾರಿಯಲ್ಲೇ ಕೊರತೆಯಿದೆ. ಪಾಸಿಟಿವ್ ವೈರನ್ನು ಎಲ್ಲರೂ ನೋಡುತ್ತಾರೆ. ಚಾಸಿಗೆ ಬಿಗಿದ ನೆಗೆಟಿವ್ ಬೋಲ್ಟಿನ ಕೆಳಗೆ ಬಣ್ಣವೋ ತುಕ್ಕೋ ಕೂತಿರುವುದನ್ನು ಯಾರೂ ನೋಡುವುದಿಲ್ಲ.

ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಚಾರ್ಜರ್ ಓಡುತ್ತಿರುವಾಗ ಮೀಟರನ್ನು ಎಸಿ ರೇಂಜಿಗೆ ತಿರುಗಿಸಿ ಬ್ಯಾಟರಿಯ ಮೇಲಿಡಿ. ಶುದ್ಧ ಡಿಸಿಯಲ್ಲಿ ಕೆಲವೇ ಮಿಲಿವೋಲ್ಟ್ ಕಾಣಬೇಕು. ಎಂಜಿನ್ ಓಡುವಾಗ ಅರ್ಧ ವೋಲ್ಟಿನಷ್ಟು ಎಸಿ ಕಂಡರೆ ಎಂಜಿನ್ ತಿರುಗಿಸಿ ಕರೆಂಟ್ ಮಾಡುವ ಆಲ್ಟರ್ನೇಟರಿನ ಡಯೋಡ್ ಹೋಗಿದೆ ಎಂದೇ ಅನುಮಾನಿಸಿ. ಈ ಏರಿಳಿತವೇ ರಿಪಲ್. ಡಿಸಿ ರೇಂಜಿನಲ್ಲಿ ಎಲ್ಲವೂ ಸರಿಯಿದ್ದಂತೆ ಕಾಣುತ್ತಿರುವಾಗಲೇ ಇದು ಬೋರ್ಡುಗಳನ್ನು ಸದ್ದಿಲ್ಲದೆ ತಿನ್ನುತ್ತಿರುತ್ತದೆ.

## ಯಾವ ಬ್ಯಾಟರಿ, ಎಷ್ಟು ವೋಲ್ಟ್

ಬ್ಯಾಟರಿಯ ಮೇಲೆ ಅಥವಾ ಅದರ ಕೈಪಿಡಿಯಲ್ಲಿ ಅಚ್ಚಾಗಿರುವ ಅಂಕಿಯೇ ಕೊನೆಯ ಮಾತು. ಅದು ಸಿಗದಿದ್ದಾಗ 25 ಡಿಗ್ರಿ ಸೆಲ್ಸಿಯಸ್‌ಗೆ ಈ ವ್ಯಾಪ್ತಿಗಳು ಹೊಂದುತ್ತವೆ.

| ಬ್ಯಾಟರಿ | ತುಂಬಿಸುವ ವೋಲ್ಟೇಜ್ | ತುಂಬಿದ ಮೇಲೆ ಹಿಡಿದಿಡುವ ಫ್ಲೋಟ್ |
|---|---|---|
| ನೀರು ಹಾಕುವ ಲೆಡ್ ಆಸಿಡ್ | 14.4–14.8 | 13.2–13.6 |
| ಎಜಿಎಂ (ಆಸಿಡನ್ನು ಗಾಜುನಾರಿನ ಹಾಳೆಗೆ ಹೀರಿಸಿದ ಲೆಡ್ ಆಸಿಡ್) | 14.4–14.7 | 13.4–13.8 |
| ಜೆಲ್ (ಆಸಿಡ್ ಜೆಲ್ಲಿಯಂತೆ ಗಟ್ಟಿಯಾಗಿರುವ ಲೆಡ್ ಆಸಿಡ್) | 14.1–14.4 | 13.5–13.8 |
| ಲಿಥಿಯಂ ಐರನ್ ಫಾಸ್ಫೇಟ್ (ಇಲ್ಲಿ ಲಿಥಿಯಂ ಎಂದರೆ ಇದೇ) | 14.2–14.6 | 13.4–13.6, ಅಥವಾ ಬೇಡ |

ಈ ನಾಲ್ಕರಲ್ಲಿ ಜೆಲ್ ಬಹಳ ಸೂಕ್ಷ್ಮ. 14.8 ಕೊಡುವ ಚಾರ್ಜರಿಗೆ ಹಾಕಿದರೆ ಒಳಗೆ ಗುಳ್ಳೆಗಳೆದ್ದು ಜೆಲ್ಲಿನಲ್ಲಿ ಪೊಳ್ಳಾಗುತ್ತದೆ, ಆ ಜಾಗ ಮತ್ತೆ ಕೂಡಿಕೊಳ್ಳುವುದಿಲ್ಲ. ನೀರು ಹಾಕುವ ಬ್ಯಾಟರಿ ಒರಟು ಆಸಾಮಿ, ಹೆಚ್ಚು ಕೊಟ್ಟರೆ ನೀರು ಕಳೆದುಕೊಳ್ಳುತ್ತದೆ, ನಾವು ಡಿಸ್ಟಿಲ್ಡ್ ವಾಟರ್ ಹಾಕುತ್ತೇವೆ. ಎಜಿಎಂ ಮೊಹರು ಹಾಕಿದ್ದು. ಅದರಿಂದ ಹೊರಹೋದ ನೀರನ್ನು ಮತ್ತೆ ತುಂಬಲಾಗದು.

ಉಷ್ಣಾಂಶದ ಲೆಕ್ಕವನ್ನು ಮರೆತವರೇ ಹೆಚ್ಚು. ಲೆಡ್ ಆಸಿಡ್‌ಗೆ ಒಂದು ಡಿಗ್ರಿ ತಣ್ಣಗಾದರೆ ಸುಮಾರು 24 ಮಿಲಿವೋಲ್ಟ್ ಹೆಚ್ಚು ಬೇಕು, ಒಂದು ಡಿಗ್ರಿ ಬಿಸಿಯಾದರೆ ಅಷ್ಟೇ ಕಡಿಮೆ. 25 ಡಿಗ್ರಿಯಲ್ಲಿ 14.4 ಬೇಕಾದ ಬ್ಯಾಟರಿಗೆ 5 ಡಿಗ್ರಿಯಲ್ಲಿ 14.88 ಬೇಕು, 40 ಡಿಗ್ರಿಯಲ್ಲಿ 14.04 ಸಾಕು. ಸೆನ್ಸರ್ ಇರುವ ಚಾರ್ಜರ್ ಚಳಿಯಲ್ಲಿ ತಾನಾಗಿ ಏರಿಸುತ್ತದೆ. ಬ್ಯಾಟರಿಗೆ ಒಳ್ಳೆಯದೇ. ಆದರೆ ಆ 14.9 ದೀಪಕ್ಕೂ ಟಿವಿಗೂ ಹೋಗುತ್ತದೆ ಎಂಬುದು ನೆನಪಿರಲಿ. ಸೆನ್ಸರನ್ನು ಬ್ಯಾಟರಿಯ ಮೈಗೇ ಅಂಟಿಸಬೇಕು. ಚಾರ್ಜರಿನ ಪಕ್ಕದ ಬಿಸಿಗಾಳಿಯಲ್ಲಿ ಬಿಟ್ಟರೆ ಅದು ಹೇಳುವುದೆಲ್ಲ ಸುಳ್ಳು.

ಲಿಥಿಯಂಗೆ ಈ ಏರಿಳಿಕೆ ಬೇಡವೇ ಬೇಡ, ಆ ಸೆಟ್ಟಿಂಗನ್ನು ಬಂದ್ ಮಾಡಬೇಕು. ಅದರ ನಿಯಮ ಬೇರೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಮಾಡಿದರೆ ಆನೋಡಿನ ಮೇಲೆ ಲಿಥಿಯಂ ಲೋಹವಾಗಿ ಕೂತು ಸಾಮರ್ಥ್ಯ ಶಾಶ್ವತವಾಗಿ ಇಳಿಯುತ್ತದೆ. ಬ್ಯಾಟರಿಯೊಳಗಿನ ರಕ್ಷಣಾ ಬೋರ್ಡಾದ ಬಿಎಂಎಸ್ ಇದನ್ನು ತಡೆಯುತ್ತದೆಯೋ ಇಲ್ಲವೋ ಎಂದು ಕೊಳ್ಳುವಾಗಲೇ ಕೇಳಿ ತಿಳಿಯಿರಿ. ಅಗ್ಗದ ಕೆಲವು ಮಾದರಿಗಳಲ್ಲಿ ಆ ರಕ್ಷಣೆ ಇರುವುದಿಲ್ಲ.

## ಹಳೆಯ ಕನ್ವರ್ಟರ್ ಉಳಿಸಿಕೊಳ್ಳುವುದೋ, ತೆಗೆಯುವುದೋ

ಹೊರಗಿನ ಎಸಿ ಕರೆಂಟನ್ನು 12 ವೋಲ್ಟ್ ಡಿಸಿಗೆ ಇಳಿಸುವ ಪೆಟ್ಟಿಗೆ ಕನ್ವರ್ಟರ್. ಗಾಡಿಗಳಲ್ಲಿ ಕಾಣುವುದು ಮೂರು ಪೀಳಿಗೆ.

ಮೊದಲನೆಯದು ಫೆರೋರೆಸೊನೆಂಟ್. ಎತ್ತಿದರೆ ಕೈ ಸೋಲುವ ಭಾರ, ಗುಂಯ್ ಎನ್ನುವ ಸದ್ದು. ಇದರ ಔಟ್‌ಪುಟ್ ಲೋಡಿಗೆ ತಕ್ಕಂತೆ ಅಲುಗುತ್ತದೆ, ರಿಪಲ್ ಜಾಸ್ತಿ. ಬ್ಯಾಟರಿಯೇ ಅದರ ಫಿಲ್ಟರ್. ಬ್ಯಾಟರಿ ಸತ್ತರೆ ಅಥವಾ ಬಿಚ್ಚಿಟ್ಟರೆ ಆ ಒರಟು ಕರೆಂಟು ನೇರ ಬೋರ್ಡುಗಳಿಗೆ. ಬಲ್ಬು, ಫ್ಯಾನುಗಳ ಕಾಲದಲ್ಲಿ ಇದು ನಡೆಯುತ್ತಿತ್ತು. ಇವತ್ತಿನ ಎಲೆಕ್ಟ್ರಾನಿಕ್ಸ್ ಇಟ್ಟುಕೊಂಡು ಇದನ್ನು ರಿಪೇರಿ ಮಾಡಿಸುವುದರಲ್ಲಿ ನಮಗೆ ಅರ್ಥ ಕಾಣುವುದಿಲ್ಲ. ತೆಗೆದುಹಾಕಿ.

ಎರಡನೆಯದು ಒಂದೇ ವೋಲ್ಟೇಜಿನದು, 13.6ರ ಸುತ್ತ ಕೂತಲ್ಲೇ ಕೂತಿರುತ್ತದೆ. ಇದು ಯಾವ ಸಾಮಾನನ್ನೂ ಸುಡುವುದಿಲ್ಲ. ತೊಂದರೆ ಇರುವುದು ಬ್ಯಾಟರಿಗೆ. ಅರ್ಧ ಖಾಲಿಯಾದ ಲೆಡ್ ಆಸಿಡ್ 13.6ರಲ್ಲಿ ಪೂರ್ತಿ ತುಂಬಲು ಒಂದೆರಡು ದಿನವೇ ಬೇಕು. ವಾರಾಂತ್ಯಕ್ಕೆ ಹೊರಟು, ಒಂದು ರಾತ್ರಿ ಪ್ಲಗ್ ಹಾಕಿ, ಮತ್ತೆ ಹೊರಟರೆ ಅದು ಎಂದೂ ತುಂಬಿದ ಬ್ಯಾಟರಿಯಲ್ಲ. ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಎರಡನೇ ವರ್ಷಕ್ಕೆ ‘ಬ್ಯಾಟರಿ ನಿಲ್ಲುತ್ತಿಲ್ಲ’ ಎಂಬ ದೂರು ಬರುತ್ತದೆ. ಸದಾ ಕರೆಂಟಿಗೆ ಚುಚ್ಚಿ ಒಂದೇ ಕಡೆ ನಿಲ್ಲುವ ಗಾಡಿಗೆ ಮಾತ್ರ ಇದು ನಡೆದೀತು, ಅದೂ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರು ನೋಡಿಕೊಳ್ಳುವವರಿಗೆ.

ಇದಕ್ಕೆ ಲಿಥಿಯಂ ಹಾಕಿದರೆ? ಚಾರ್ಜ್ ಆಗುತ್ತದೆ, ನಿಧಾನವಾಗಿ ಬಹುಮಟ್ಟಿಗೆ ತುಂಬುತ್ತದೆ ಕೂಡ. ಆದರೆ ನಾಲ್ಕು ಸೆಲ್ಲುಗಳನ್ನು ಸಮ ಮಾಡುವ ಕೆಲಸವನ್ನು ಹಲವು ಬಿಎಂಎಸ್‌ಗಳು ಸೆಲ್ಲಿಗೆ 3.4ರಿಂದ 3.5 ವೋಲ್ಟ್ ದಾಟಿದ ಮೇಲೆ ಶುರು ಮಾಡುತ್ತವೆ. 13.6 ಎಂದರೆ ಸೆಲ್ಲಿಗೆ ಬರೀ 3.4. ವರ್ಷಗಟ್ಟಲೆ ಸಮವಾಗದ ಸೆಲ್ಲುಗಳಲ್ಲಿ ಒಂದು ಮುಂದೆ ಓಡುತ್ತದೆ, ಒಂದು ದಿನ 14.4ರ ಚಾರ್ಜರ್ ಹಾಕಿದಾಗ ಅದು 3.65 ಮುಟ್ಟಿ ಬಿಎಂಎಸ್ ಇಡೀ ಬ್ಯಾಟರಿಯನ್ನೇ ಕಡಿದುಬಿಡುತ್ತದೆ.

ಮೂರನೆಯದು ಹಂತ ಹಂತವಾಗಿ ತುಂಬಿಸುವ ಸ್ಮಾರ್ಟ್ ಕನ್ವರ್ಟರ್: ಮೊದಲು 14.4, ಆಮೇಲೆ 13.6, ಬಳಕೆಯಿಲ್ಲದಾಗ 13.2. ಸಾಮಾನ್ಯವಾಗಿ ಆರಿಸಬೇಕಾದ್ದು ಇದನ್ನೇ. ಆದರೆ ಪೆಟ್ಟಿಗೆಯ ಮೇಲೆ ‘ಸ್ಮಾರ್ಟ್’ ಎಂದು ಬರೆದ ಮಾತ್ರಕ್ಕೆ ನಂಬಬೇಡಿ. ಅದು ಹಂತ ಬದಲಿಸುವುದನ್ನು ಯಾವುದನ್ನು ನೋಡಿ ತೀರ್ಮಾನಿಸುತ್ತದೆ? ತನ್ನ ಬಾಯಿಯ ವೋಲ್ಟೇಜ್ ನೋಡಿ ತೀರ್ಮಾನಿಸುವ ಚಾರ್ಜರಿಗೆ ಸಪೂರ ವೈರ್ ಇದ್ದರೆ, ಬ್ಯಾಟರಿಯಲ್ಲಿ 13.7 ಇರುವಾಗಲೇ ತನ್ನ ಬಾಯಲ್ಲಿ 14.4 ಕಂಡು ‘ಮುಗಿಯಿತು’ ಎಂದು ಬೇಗ ಫ್ಲೋಟಿಗೆ ಇಳಿಯಬಹುದು. ಬ್ಯಾಟರಿಯಲ್ಲೇ ವೋಲ್ಟೇಜ್ ಅಳೆಯುವ ಸೆನ್ಸ್ ವೈರ್ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಇಲ್ಲದಿದ್ದರೆ ಚಾರ್ಜರನ್ನು ಬ್ಯಾಟರಿಯಿಂದ ಒಂದೆರಡು ಮೀಟರಿನೊಳಗೆ ಕೂರಿಸಿ.

ಇನ್ನೊಂದು ಪ್ರಶ್ನೆಯನ್ನು ಅಂಗಡಿಯವರಿಗೆ ಕೇಳಲೇಬೇಕು: ಬ್ಯಾಟರಿ ಇಲ್ಲದೆ ಇದು ಓಡುತ್ತದೆಯೇ? ಕನ್ವರ್ಟರ್ ಎಂದೇ ಮಾಡಿದ್ದಾದರೆ ಓಡುತ್ತದೆ. ಬರೀ ಬ್ಯಾಟರಿ ಚಾರ್ಜರ್ ಆದರೆ ಎಲ್ಲವೂ ಹಾಗಲ್ಲ. ಬ್ಯಾಟರಿ ಬಿಚ್ಚಿಟ್ಟು ದೀಪ ಹಚ್ಚುವ ಅಭ್ಯಾಸವಿದ್ದರೆ ಪವರ್ ಸಪ್ಲೈ ಮೋಡ್ ಇರುವುದನ್ನೇ ಕೊಳ್ಳಿ.

ಚಾರ್ಜರಿನ ಅಳತೆಗೆ ಬಂದರೆ, ನೀರು ಹಾಕುವ ಬ್ಯಾಟರಿಗೆ ಅದರ ಆಂಪ್-ಅವರ್‌ನ 10ರಿಂದ 20 ಶೇಕಡದಷ್ಟು ಆಂಪ್ ಸಾಕು: 200 ಆಂಪ್-ಅವರ್‌ಗೆ 20ರಿಂದ 40 ಆಂಪ್. ಲಿಥಿಯಂ ಇದರ ಎರಡು ಪಟ್ಟನ್ನು ಸಲೀಸಾಗಿ ನುಂಗುತ್ತದೆ. ಮಿತಿ ಇರುವುದು ಬಿಎಂಎಸ್‌ನಲ್ಲಿ ಮತ್ತು ನಿಮ್ಮ ವೈರಿನಲ್ಲಿ.

## ಒಂದು ಸೆಲ್ ಹೋದಾಗ ಆಗುವುದೇನು

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಒಳ್ಳೆಯ ಚಾರ್ಜರನ್ನೇ ‘ಬ್ಯಾಟರಿ ಕುದಿಸಿತು’ ಎಂದು ಬೈಯುವುದು ಇಲ್ಲೇ. 12 ವೋಲ್ಟಿನ ಲೆಡ್ ಆಸಿಡ್‌ನಲ್ಲಿ ಆರು ಸೆಲ್. 14.4 ಕೊಟ್ಟರೆ ತಲೆಗೆ 2.4 ವೋಲ್ಟ್. ಒಂದು ಸೆಲ್ಲಿನ ಪ್ಲೇಟುಗಳು ಒಳಗೇ ಶಾರ್ಟ್ ಆದರೆ ಅದೇ 14.4 ಐದಕ್ಕೆ ಹಂಚಿ ತಲೆಗೆ 2.88 ಆಗುತ್ತದೆ. ಫ್ಲೋಟಿನ 13.6ರಲ್ಲಿ ಕೂಡ 2.72. ಎರಡೂ ಅನಿಲ ಏಳುವ ಮಟ್ಟಕ್ಕಿಂತ ಎಷ್ಟೋ ಮೇಲೆ. ಉಳಿದ ಐದು ಸೆಲ್ಲುಗಳು ಕುದಿಯುತ್ತವೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಪೆಟ್ಟಿಗೆ ಮುಟ್ಟಿದರೆ ಸುಡುತ್ತದೆ. ವೋಲ್ಟೇಜ್ ಏರದೆ ಇರುವುದರಿಂದ ಚಾರ್ಜರ್ ಮೊದಲ ಹಂತದಲ್ಲೇ ಸಿಕ್ಕಿಕೊಂಡು ತನ್ನ ಪೂರ್ತಿ ಆಂಪ್ ತಳ್ಳುತ್ತಲೇ ಇರುತ್ತದೆ.

ಆ ವಾಸನೆ ಬಂದರೆ ಮೊದಲು ಹೊರಗಿನ ಕರೆಂಟ್ ಪ್ಲಗ್ ಕೀಳಿ, ಬಾಗಿಲು ಕಿಟಕಿ ತೆಗೆಯಿರಿ, ಗ್ಯಾಸ್ ಉರಿ ಹಚ್ಚಬೇಡಿ. ಬ್ಯಾಟರಿಯ ಲಗ್ ಬಿಚ್ಚಲು ತಕ್ಷಣ ಹೋಗಬೇಡಿ, ಕಿಡಿಯೊಂದು ಹಾರಿದರೆ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ತಣ್ಣಗಾದ ಮೇಲೆ ಪ್ರತಿ ಸೆಲ್ಲಿಗೂ ಆಸಿಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ. ಐದು ಒಂದು ರೀತಿ, ಒಂದು ಮಾತ್ರ ತೀರಾ ಕೆಳಗೆ ಎಂದಾದರೆ ತೀರ್ಪು ಸಿಕ್ಕಿತು. ಎರಡು ಬ್ಯಾಟರಿ ಸಮಾನಾಂತರವಾಗಿ ಜೋಡಿಸಿದ್ದರೆ ಒಳ್ಳೆಯದು ಕೆಟ್ಟದ್ದಕ್ಕೆ ಕರೆಂಟ್ ಸುರಿಯುತ್ತಲೇ ಇರುತ್ತದೆ. ಪ್ರತಿಯೊಂದಕ್ಕೂ ಬೇರೆ ಫ್ಯೂಸ್ ಇರಬೇಕೆನ್ನುವುದು ಇದಕ್ಕೇ.

## ಎಂಜಿನ್ ಕಡೆಯಿಂದ: ರಿಲೇ ಸಾಕೇ, ಡಿಸಿ-ಡಿಸಿ ಬೇಕೇ

ವೋಲ್ಟೇಜ್ ನೋಡಿ ಕೂಡುವ ರಿಲೇ ಸರಳ. ಎಂಜಿನ್ ಕಡೆ ಸುಮಾರು 13.3 ದಾಟಿದರೆ ಎಂಜಿನ್ ಬ್ಯಾಟರಿಯನ್ನೂ ಮನೆ ಬ್ಯಾಟರಿಯನ್ನೂ ಕೂಡಿಸುತ್ತದೆ, 12.8ಕ್ಕೆ ಇಳಿದರೆ ಬಿಡಿಸುತ್ತದೆ. ಹಳೆಯ ಎಂಜಿನ್, ಲೆಡ್ ಆಸಿಡ್ ಬ್ಯಾಟರಿ, ದಪ್ಪ ವೈರ್ ಮೂರೂ ಇದ್ದರೆ ಇದರಿಂದಲೇ ಕೆಲಸ ನಡೆಯುತ್ತದೆ.

ದಪ್ಪ ವೈರ್ ಎಂದರೆ ಎಷ್ಟು ದಪ್ಪ? ಎಂಜಿನ್ನಿನಿಂದ ಮನೆ ಬ್ಯಾಟರಿಗೆ 5 ಮೀಟರ್ ಎಂದುಕೊಳ್ಳಿ, ಹೋಗಿ ಬರಲು 10. ಒಂದು ಚದರ ಮಿಲಿಮೀಟರ್ ತಾಮ್ರ ಮೀಟರಿಗೆ 0.0175 ಓಮ್. 6 ಚದರ ಮಿಲಿಮೀಟರ್ ವೈರಿನಲ್ಲಿ 20 ಆಂಪ್ ಹರಿದರೆ 0.58 ವೋಲ್ಟ್ ದಾರಿಯಲ್ಲೇ ಮಾಯ. 16 ಚದರ ಮಿಲಿಮೀಟರ್ ಹಾಕಿದರೆ 0.22. ಆಲ್ಟರ್ನೇಟರ್ 14.2 ಕೊಟ್ಟರೂ ಸಪೂರ ವೈರಿನ ತುದಿಯಲ್ಲಿ 13.6. ಬ್ಯಾಟರಿ ತುಂಬುತ್ತ ಆಂಪ್ ಇಳಿದಂತೆ ಈ ಕೊರತೆಯೂ ಇಳಿಯುತ್ತದೆ. ಹಾಗಾಗಿ ಸಪೂರ ವೈರ್ ಚಾರ್ಜನ್ನು ನಿಲ್ಲಿಸುವುದಿಲ್ಲ, ಎಳೆದಾಡಿಸುತ್ತದೆ. ನಾಲ್ಕು ಗಂಟೆಯ ಪ್ರಯಾಣದಲ್ಲಿ ಮುಗಿಯಬೇಕಾದ್ದು ಮುಗಿಯುವುದಿಲ್ಲ.

ರಿಲೇ ಸೋಲುವ ಎರಡು ಕಡೆಗಳಿವೆ. ಹೊಸ ಎಂಜಿನ್ನುಗಳ ಸ್ಮಾರ್ಟ್ ಆಲ್ಟರ್ನೇಟರ್ ಇಂಧನ ಉಳಿಸಲು 12.5ರ ಆಸುಪಾಸಿಗೆ ಇಳಿಯುತ್ತದೆ, ಬ್ರೇಕ್ ಒತ್ತಿದಾಗ 15ರವರೆಗೆ ಏರುತ್ತದೆ. ರಿಲೇ ಪಟಪಟ ಎಂದು ಕೂಡಿ ಬಿಡುತ್ತ ಕೂರುತ್ತದೆ, ಮನೆ ಬ್ಯಾಟರಿ ಅರ್ಧ ಹೊಟ್ಟೆಯಲ್ಲೇ ಉಳಿಯುತ್ತದೆ, ದೀಪಗಳಿಗೆ 15ರ ಪೆಟ್ಟು ಬೇರೆ. ಎರಡನೆಯದು ಲಿಥಿಯಂ. ಅದರ ಒಳರೋಧ ತೀರಾ ಕಡಿಮೆ, ಆಲ್ಟರ್ನೇಟರ್ ಕೊಟ್ಟಷ್ಟನ್ನೂ ಎಳೆಯುತ್ತದೆ. ಗಾಡಿ ನಿಂತಲ್ಲೇ ಎಂಜಿನ್ ಓಡಿಸಿ ಚಾರ್ಜ್ ಮಾಡಿದರೆ ಫ್ಯಾನ್ ನಿಧಾನ, ಕರೆಂಟ್ ಗರಿಷ್ಠ. ಆಲ್ಟರ್ನೇಟರ್ ಸುಡುವುದು ಹೀಗೆ.

ಈ ಎರಡರಲ್ಲಿ ಒಂದಾದರೂ ನಿಮ್ಮದಾದರೆ ಡಿಸಿ-ಡಿಸಿ ಚಾರ್ಜರಿಗೆ ಬದಲಿಯಿಲ್ಲ. ಒಳಬರುವುದು ಏರಲಿ ಇಳಿಯಲಿ, ಹೊರಗೆ ಬ್ಯಾಟರಿಗೆ ಬೇಕಾದ ಹಂತವನ್ನೇ ಕೊಡುತ್ತದೆ, ಆಂಪನ್ನು ಮಿತಿಯಲ್ಲಿಡುತ್ತದೆ. 30 ಆಂಪಿನದು ಎಂಜಿನ್ ಕಡೆಯಿಂದ 35ರಿಂದ 40 ಎಳೆಯುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟು 16 ಚದರ ಮಿಲಿಮೀಟರ್ ವೈರ್, ಎರಡೂ ತುದಿಗೆ ಕೈಪಿಡಿ ಹೇಳಿದ ಫ್ಯೂಸ್ ಹಾಕಿ. ಸ್ಮಾರ್ಟ್ ಆಲ್ಟರ್ನೇಟರ್ ಇದ್ದರೆ ಇಗ್ನಿಷನ್ ವೈರನ್ನು ಜೋಡಿಸದೆ ಬಿಡಬೇಡಿ. ಎಂಜಿನ್ ಓಡುತ್ತಿದೆ ಎಂದು ಅದಕ್ಕೆ ತಿಳಿಯುವುದೇ ಆ ಎಳೆಯಿಂದ.

ಒಂದು ಎಚ್ಚರಿಕೆ ಎಲ್ಲ ಗಾಡಿಗೂ ಸಲ್ಲುತ್ತದೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಲಗ್ ಬಿಚ್ಚಬಾರದು. ಆಲ್ಟರ್ನೇಟರ್ ತಳ್ಳುತ್ತಿದ್ದ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಕ್ಷಣಾರ್ಧದಲ್ಲಿ ಹತ್ತಾರು ವೋಲ್ಟಿಗೆ ನೆಗೆಯುತ್ತದೆ. ಸಡಿಲವಾದ ಲಗ್ ಕೂಡ ರಸ್ತೆಯ ಕುಲುಕಿಗೆ ಇದೇ ಕೆಲಸ ಮಾಡುತ್ತದೆ.

## ಸೋಲಾರ್ ಕಂಟ್ರೋಲರ್

100 ವಾಟಿನ ಪ್ಯಾನೆಲ್ 18 ವೋಲ್ಟಿನಲ್ಲಿ ಸುಮಾರು 5.6 ಆಂಪ್ ಕೊಡುತ್ತದೆ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಕಂಟ್ರೋಲರಿನಲ್ಲಿ ಎರಡು ಬಗೆ, ಪಿಡಬ್ಲ್ಯುಎಂ ಮತ್ತು ಎಂಪಿಪಿಟಿ. ಪಿಡಬ್ಲ್ಯುಎಂ ಬರೀ ಸ್ವಿಚ್ಚು: 13 ವೋಲ್ಟಿನ ಬ್ಯಾಟರಿಗೆ ಅದೇ 5.6 ಆಂಪ್, ಅಂದರೆ 73 ವಾಟ್. ಎಂಪಿಪಿಟಿ ಹೆಚ್ಚುವರಿ ವೋಲ್ಟನ್ನು ಆಂಪಾಗಿ ಪರಿವರ್ತಿಸಿ 7 ಆಂಪಿಗೂ ಮೇಲೆ ಕೊಡುತ್ತದೆ. ಸುಡುಬಿಸಿಲಲ್ಲಿ ಪ್ಯಾನೆಲ್ಲಿನ ವೋಲ್ಟೇಜೇ ಇಳಿಯುವುದರಿಂದ ಈ ಲಾಭ ಅಷ್ಟಿರುವುದಿಲ್ಲ. ಒಂದೇ ಚಿಕ್ಕ ಪ್ಯಾನೆಲ್, ಲೆಡ್ ಆಸಿಡ್ ಆದರೆ ಪಿಡಬ್ಲ್ಯುಎಂ ಸಾಲುತ್ತದೆ.

ಲಿಥಿಯಂ ಇದ್ದರೆ ಬೇರೆ ಕಾರಣಕ್ಕೆ ಎಂಪಿಪಿಟಿಯ ಕಡೆ ವಾಲಬೇಕು. ಬಿಎಂಎಸ್ ಬ್ಯಾಟರಿಯನ್ನು ಕಡಿದ ಕ್ಷಣದಲ್ಲಿ ಕೆಳದರ್ಜೆಯ ಪಿಡಬ್ಲ್ಯುಎಂ ಮೂಲಕ ಪ್ಯಾನೆಲ್ಲಿನ 20-22 ವೋಲ್ಟ್ ಲೈನಿಗೆ ಹಾಯಬಹುದು. ಹಾಗೆಯೇ ಹಲವು ಕಂಟ್ರೋಲರುಗಳು ಪೆಟ್ಟಿಗೆಯಿಂದ ತೆಗೆದಾಗ ನೀರಿನ ಬ್ಯಾಟರಿಯ ಸೆಟ್ಟಿಂಗಿನಲ್ಲಿರುತ್ತವೆ, ಅದರಲ್ಲಿ ಸೆಲ್ಲುಗಳನ್ನು ಸಮ ಮಾಡಲು ಬೇಕೆಂದೇ ಹೆಚ್ಚು ವೋಲ್ಟ್ ಕೊಡುವ ಈಕ್ವಲೈಸೇಶನ್ ಹಂತವೂ ಸೇರಿರಬಹುದು. ಜೆಲ್‌ಗೂ ಲಿಥಿಯಂಗೂ ಅದು ವಿಷ. ನೀರಿನ ಬ್ಯಾಟರಿಗೆ 15.5ರಿಂದ 16 ಕೊಟ್ಟು ಈಕ್ವಲೈಸ್ ಮಾಡುವವರೂ ಅದಕ್ಕೆ ಮುಂಚೆ ಡಿಸಿ ಪ್ಯಾನೆಲ್ಲಿನ ಮುಖ್ಯ ಫ್ಯೂಸ್ ಕಿತ್ತು ಎಲ್ಲ ಸಾಮಾನನ್ನೂ ಲೈನಿನಿಂದ ಬೇರ್ಪಡಿಸಬೇಕು.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಎರಡು ಪ್ಯಾನೆಲ್ಲುಗಳನ್ನು ಸರಣಿಯಲ್ಲಿ ಹಾಕಿದರೆ ಏನೂ ಎಳೆಯದಿರುವಾಗಿನ ತೆರೆದ ವೋಲ್ಟೇಜ್ 45ರಷ್ಟು, ಕೊರೆವ ಚಳಿಯ ಮುಂಜಾವಿನಲ್ಲಿ 50ರ ಹತ್ತಿರ. 50 ವೋಲ್ಟಿನ ಮಿತಿಯ ಕಂಟ್ರೋಲರ್ ಅಲ್ಲಿ ಸಾಯುತ್ತದೆ, 75ರದ್ದನ್ನು ತನ್ನಿ.

## ಯಾವ ಸಾಮಾನು ಯಾವುದಕ್ಕೆ ಬಲಿ

ಹೆಚ್ಚು ವೋಲ್ಟೇಜಿಗೆ ಮೊದಲು ಬಲಿಯಾಗುವುದು ಅಗ್ಗದ ಎಲ್‌ಇಡಿ. ಒಂದನ್ನು ಬಿಚ್ಚಿ ನೋಡಿ: ಮೂರು ಬಿಳಿ ಎಲ್‌ಇಡಿ ಸಾಲಾಗಿ, ಜೊತೆಗೆ ಒಂದು ರೆಸಿಸ್ಟರ್. ಎಲ್‌ಇಡಿಗಳು ತಲಾ 3.2ರಂತೆ 9.6 ವೋಲ್ಟ್ ತಿನ್ನುತ್ತವೆ. 12 ವೋಲ್ಟ್ ಬಂದರೆ 120 ಓಮಿನ ರೆಸಿಸ್ಟರಿಗೆ ಉಳಿಯುವುದು 2.4, ಹರಿಯುವುದು 20 ಮಿಲಿಆಂಪ್. 14.4 ಬಂದರೆ ರೆಸಿಸ್ಟರಿಗೆ 4.8, ಕರೆಂಟ್ ಸುಮಾರು 40. ವೋಲ್ಟೇಜ್ ಏರಿದ್ದು ಬರೀ 20 ಶೇಕಡ, ಕರೆಂಟ್ ಹೆಚ್ಚುಕಡಿಮೆ ಇಮ್ಮಡಿ, ರೆಸಿಸ್ಟರಿನ ಬಿಸಿ ನಾಲ್ಕು ಪಟ್ಟು. ಮುಚ್ಚಿದ ಡಬ್ಬಿಯೊಳಗೆ ಅದು ಕಂದುಬಣ್ಣಕ್ಕೆ ತಿರುಗಿ ಕೊನೆಗೆ ಬೆಸುಗೆಯೇ ಬಿಡುತ್ತದೆ. ‘10–30 ವೋಲ್ಟ್’ ಎಂದು ಬರೆದಿರುವ, ಒಳಗೆ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಇರುವ ದೀಪ ತಂದರೆ ಈ ತಲೆನೋವಿಲ್ಲ. ಪರೀಕ್ಷೆ ಸುಲಭ: ಚಾರ್ಜರ್ ಹಾಕಿದೊಡನೆ ಬೆಳಕು ಹೆಚ್ಚಾದರೆ ರೆಸಿಸ್ಟರ್ ದೀಪ, ಅಷ್ಟೇ ಇದ್ದರೆ ಡ್ರೈವರ್ ದೀಪ.

ಕಂಟ್ರೋಲ್ ಬೋರ್ಡುಗಳಲ್ಲಿ ಕೆಪ್ಯಾಸಿಟರಿನ ಮೈಮೇಲಿನ ಅಂಕಿ ಓದಿ. 16 ವೋಲ್ಟ್ ಎಂದಿದ್ದರೆ 14.8ರಲ್ಲಿ ಅದು ತನ್ನ ಅಂಚಿನಲ್ಲಿ ಬದುಕುತ್ತಿದೆ, ತಲೆ ಉಬ್ಬಿದ್ದರೆ ಕಾರಣ ಹುಡುಕುವ ಕೆಲಸವಿಲ್ಲ. 25 ಅಥವಾ 35 ವೋಲ್ಟಿನದು ಹಾಕಿದ ಬೋರ್ಡ್ ಬಾಳುತ್ತದೆ.

ಕಡಿಮೆ ವೋಲ್ಟೇಜಿನ ಕೆಡುಕು ಬೇರೆ ಬಗೆಯದು. ಬಹುಪಾಲು ಅದು ಸುಡುವುದಿಲ್ಲ, ಮೋಸ ಮಾಡುತ್ತದೆ. ಗ್ಯಾಸ್ ಹೀಟರಿನಲ್ಲಿ ಫ್ಯಾನಿನ ಗಾಳಿಗೆ ಅಲುಗುವ ಒಂದು ಚಿಕ್ಕ ರೆಕ್ಕೆಯ ಸ್ವಿಚ್ ಇರುತ್ತದೆ, ಗಾಳಿ ಸಾಲದಿದ್ದರೆ ಅದು ಆನ್ ಆಗುವುದಿಲ್ಲ, ಆನ್ ಆಗದೆ ಬೋರ್ಡ್ ಗ್ಯಾಸ್ ಬಿಡುವುದಿಲ್ಲ. ಫ್ಯಾನಿನ ಬಳಿ 10.5 ವೋಲ್ಟ್ ಇದ್ದರೆ ‘ಬೋರ್ಡ್ ಕೆಟ್ಟಿದೆ’ ಎಂಬ ತೀರ್ಪು ಹೊರಬೀಳುತ್ತದೆ. ಕಂಪ್ರೆಸರ್ ಫ್ರಿಜ್ಜಿನದೂ ಇಂಥದ್ದೇ. ಹಲವು ಕಂಪ್ರೆಸರುಗಳು 10.4ಕ್ಕೆ ನಿಂತು 11.7 ಮುಟ್ಟುವವರೆಗೆ ಮತ್ತೆ ಶುರುವಾಗವು. ಶುರುವಾಗುವ ಕ್ಷಣದ ಕರೆಂಟಿಗೆ ಸಪೂರ ವೈರಿನ ತುದಿ ಕುಸಿಯುತ್ತದೆ. ಬ್ಯಾಟರಿ 12.5 ಇದ್ದರೂ ಫ್ರಿಜ್ಜು ನಿಲ್ಲುತ್ತದೆ, ಒಂದು ನಿಮಿಷಕ್ಕೆ ಮತ್ತೆ ಯತ್ನಿಸುತ್ತದೆ, ಮತ್ತೆ ನಿಲ್ಲುತ್ತದೆ. ಗ್ಯಾಸಿನಲ್ಲೂ ಓಡುವ ಫ್ರಿಜ್ಜನ್ನು 12 ವೋಲ್ಟಿಗೆ ಹಾಕಿದಾಗ ಅದನ್ನು ಓಡಿಸುವ ಕಾಯಿಲಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 12ರ ಬದಲು 10.5 ತಲುಪಿದರೆ ಕಾಲುಭಾಗದಷ್ಟು ಶಾಖ ಖೋತಾ, ತಂಪೂ ಅಷ್ಟೇ.

ಕಡಿಮೆ ವೋಲ್ಟೇಜಿನಲ್ಲಿ ನಿಜಕ್ಕೂ ಬಿಸಿಯಾಗುವುದು ಇನ್ವರ್ಟರ್. 1000 ವಾಟ್ ಕೊಡಲು, ತನ್ನ ಒಳನಷ್ಟವೂ ಸೇರಿ, ಅದು 12.8ರಲ್ಲಿ 87 ಆಂಪ್ ಎಳೆದರೆ 11ರಲ್ಲಿ 101 ಎಳೆಯುತ್ತದೆ. ವೋಲ್ಟೇಜ್ ಇಳಿದಷ್ಟೂ ಆಂಪ್ ಏರುತ್ತದೆ, ಆಂಪ್ ಏರಿದಷ್ಟೂ ವೈರಿನಲ್ಲಿ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಕಪ್ಪಾಗಿ ಕರಗಿದ ಫ್ಯೂಸ್ ಹೋಲ್ಡರುಗಳು ಬಹಳ ಸಲ ಈ ಸುತ್ತಿನ ಗುರುತು.

ಇಷ್ಟು ತಿಳಿದ ಮೇಲೆ ಪರಿಹಾರಗಳನ್ನು ತೂಗಬಹುದು. ಕಡಿಮೆ ವೋಲ್ಟೇಜಿಗೆ ದಪ್ಪ ವೈರೂ ಹೊಸ ಲಗ್ಗೂ ಮದ್ದು, ಬೇರೇನನ್ನೂ ಕೊಳ್ಳಬೇಡಿ. ಹೆಚ್ಚು ವೋಲ್ಟೇಜಿಗೆ ಚಾರ್ಜರಿನ ಸೆಟ್ಟಿಂಗ್ ಮೊದಲು, ಡ್ರೈವರ್ ದೀಪ ಆಮೇಲೆ. 9ರಿಂದ 18 ವೋಲ್ಟ್ ತೆಗೆದುಕೊಂಡು ಸ್ಥಿರವಾಗಿ 12 ಕೊಡುವ ಸ್ಟೆಬಿಲೈಸರ್ ಟಿವಿ, ರೂಟರಿನಂಥ ಒಂದೆರಡು ಸೂಕ್ಷ್ಮ ಸಾಮಾನಿಗೆ ಚೆನ್ನ. ಪಂಪು, ಫ್ಯಾನು, ಕಂಪ್ರೆಸರುಗಳನ್ನು ಅದರ ಹಿಂದೆ ಹಾಕಿದರೆ ಶುರುವಾಗುವಾಗಿನ ಎಳೆತಕ್ಕೆ ಅದು ಮುಗ್ಗರಿಸುತ್ತದೆ.

## ಬ್ಯಾಟರಿ ಬದಲಿಸಿದ ಮೇಲೆ

ಹೊಸ ಬ್ಯಾಟರಿ ಹಾಕಿದ ಮರುದಿನದಿಂದ ಚಾರ್ಜ್ ಆಗುತ್ತಿಲ್ಲ ಎಂದರೆ ಕನ್ವರ್ಟರಿನ ಮೇಲಿನ ರಿವರ್ಸ್ ಪೊಲಾರಿಟಿ ಫ್ಯೂಸುಗಳನ್ನು ನೋಡಿ. ಸಾಮಾನ್ಯವಾಗಿ ಎರಡು, 30 ಅಥವಾ 40 ಆಂಪಿನವು. ಪ್ಲಸ್ಸು ಮೈನಸ್ಸು ಅದಲುಬದಲಾಗಿ ಒಂದು ಕ್ಷಣ ತಾಗಿದರೂ ಸಾಕು, ಅವು ಹೋಗುತ್ತವೆ. ಕಣ್ಣಿಗೆ ಸರಿಯಾಗಿ ಕಂಡರೂ ಮೀಟರಿನಲ್ಲಿ ಪರೀಕ್ಷಿಸಿ. ಅದೇ ಅಳತೆಯದನ್ನೇ ಹಾಕಿ, ದೊಡ್ಡದನ್ನು ಹಾಕಿದರೆ ಮುಂದಿನ ಸಲ ಹೋಗುವುದು ಕನ್ವರ್ಟರ್.

ಲೆಡ್‌ನಿಂದ ಲಿಥಿಯಂಗೆ ಹೋದವರು ಮೂರೂ ಚಾರ್ಜ್ ಮೂಲಗಳನ್ನು ಬದಲಿಸಬೇಕಾಗುತ್ತದೆ: ಕನ್ವರ್ಟರ್, ಎಂಜಿನ್ ದಾರಿ, ಸೋಲಾರ್. ಒಂದನ್ನು ಮರೆತರೆ ಅದೇ ಕೆಡಿಸುತ್ತದೆ. ಹಣ ಒಟ್ಟಿಗೆ ಹೊಂದದಿದ್ದರೆ ಮೊದಲು ಡಿಸಿ-ಡಿಸಿ, ಏಕೆಂದರೆ ಅಲ್ಲಿ ಸುಡುವುದು ಆಲ್ಟರ್ನೇಟರ್. ಆಮೇಲೆ ಸೋಲಾರಿನ ಸೆಟ್ಟಿಂಗ್, ಅದಕ್ಕೆ ಬಹುತೇಕ ಖರ್ಚೇ ಇಲ್ಲ. 13.6ರ ಹಳೆಯ ಕನ್ವರ್ಟರ್ ಕೊನೆಗೆ ಬದಲಾದರೂ ಅನಾಹುತವಿಲ್ಲ, ತಿಂಗಳಿಗೊಮ್ಮೆ ಸೋಲಾರಿನಿಂದಲಾದರೂ 14.2 ಮುಟ್ಟಿಸಿ ಸೆಲ್ಲುಗಳು ಸಮವಾಗಲು ಬಿಡಿ.

ಲೆಡ್ ಆಸಿಡ್‌ನಲ್ಲೇ ಉಳಿದವರು ಹೊಸ ಚಾರ್ಜರ್ ಹಾಕಿದ ಮೊದಲ ದಿನ ಒಂದು ಅಳತೆ ಬರೆದಿಟ್ಟುಕೊಳ್ಳಿ. 14.4ರಲ್ಲಿ ನಿಂತಿರುವಾಗ ಬ್ಯಾಟರಿಗೆ ಹೋಗುವ ಆಂಪ್ ಅದರ ಸಾಮರ್ಥ್ಯದ 1ರಿಂದ 2 ಶೇಕಡಕ್ಕೆ ಇಳಿಯಲು ಎಷ್ಟು ಗಂಟೆ ಹಿಡಿಯಿತು ಎಂಬುದನ್ನು. 100 ಆಂಪ್-ಅವರ್‌ಗೆ 1ರಿಂದ 2 ಆಂಪ್. ಅದಕ್ಕೆ ಮುಂಚೆಯೇ ಚಾರ್ಜರ್ 13.6ಕ್ಕೆ ಇಳಿದರೆ 14.4ರಲ್ಲಿ ನಿಲ್ಲುವ ಅಬ್ಸಾರ್ಪ್ಶನ್ ಸಮಯ ಹೆಚ್ಚಿಸಿ. ಆರು ತಿಂಗಳ ನಂತರ ಆಂಪ್ ಅಲ್ಲಿಗೆ ಇಳಿಯದೆ 5-6ರಲ್ಲೇ ನಿಂತು ಬ್ಯಾಟರಿ ಬೆಚ್ಚಗಾಗುತ್ತಿದ್ದರೆ, ಯಾವ ಸೆಲ್ ಎಂದು ಹುಡುಕಲು ಹೈಡ್ರೋಮೀಟರ್ ತೆಗೆಯಿರಿ.